ಬೀದರ್–ಕಾರವಾರ ಸೈಕಲ್ ಹಾದಿ: ಬಾದಾಮಿಯಲ್ಲಿ ಒಂದು ದಿನ ನಿಲ್ಲುವುದಿದೆ, ಏನೇನು ಮಾಡಿಕೊಳ್ಳಬೇಕು?

ಕಾರಂಜಾದಂಡೆ

ಎಲ್ಲರಿಗೂ ಶರಣು. ಡಿಸೆಂಬರ್ ಎರಡನೇ ವಾರ ನಾವಿಬ್ಬರು ಬೀದರಿನಿಂದ ಕಾರವಾರಕ್ಕೆ ಸೈಕಲ್ ಮೇಲೆ ಹೊರಡುತ್ತಿದ್ದೇವೆ. ದಿನದ ಲೆಕ್ಕ ಹೀಗಿದೆ: ಮೊದಲ ದಿನ ಕಲಬುರಗಿ, ಎರಡಕ್ಕೆ ಜೇವರ್ಗಿ ಮೇಲಿಂದ ಸಿಂದಗಿ, ಮೂರಕ್ಕೆ ವಿಜಯಪುರ, ನಾಲ್ಕಕ್ಕೆ ಕೊಲ್ಹಾರದ ಸೇತುವೆ ದಾಟಿ ಬಾದಾಮಿ. ಐದನೇ ದಿನ ಬಾದಾಮಿಯಲ್ಲೇ ಮುಕ್ಕಾಂ. ಆರಕ್ಕೆ ಹುಬ್ಬಳ್ಳಿ, ಏಳಕ್ಕೆ ಯಲ್ಲಾಪುರ, ಎಂಟಕ್ಕೆ ಅರಬೈಲ್ ಘಟ್ಟ ಇಳಿದು ಅಂಕೋಲಾ, ಮರುದಿನ ಕಾರವಾರ.

ಎರಡೂ ಸೈಕಲ್ಲು ಉಕ್ಕಿನ ಚೌಕಟ್ಟಿನವು. 700×38 ಟೈರು, ಒಳಗೆ ಟ್ಯೂಬು. ಹಿಂದೆ 9 ಗೇರು, ತಂತಿಯಿಂದ ನಡೆಯುವ ಡಿಸ್ಕ್ ಬ್ರೇಕು. ಹಿಂದಿನ ಕ್ಯಾರಿಯರ್ ಮೇಲೆ ತಲಾ ಎರಡು ಚೀಲ, ಒಟ್ಟು 14–15 ಕಿಲೋ ಭಾರ.

ವಿಶ್ರಾಂತಿಯ ದಿನವನ್ನು ಮಲಗಿ ಕಳೆಯುವ ಮನಸ್ಸಿಲ್ಲ, ಓಡಾಡಿ ಕಾಲು ಸೋಲಿಸಿಕೊಳ್ಳುವುದೂ ಬೇಡ. ಗುಹೆಗಳು, ಕೆರೆ, ಸಾಧ್ಯವಾದರೆ ಪಟ್ಟದಕಲ್ಲು, ಇಷ್ಟು ನೋಡುವ ಆಸೆ. ನಾಲ್ಕು ದಿನದ ಧೂಳಿನ ನಂತರ ಸೈಕಲ್ಲಿಗೆ ಏನೇನು ಮಾಡಬೇಕು? ಬಾದಾಮಿಯಲ್ಲಿ ಸಾಮಾನು ಸಿಗುತ್ತದೆಯೇ? ಪಟ್ಟದಕಲ್ಲಿಗೆ ಸಾಮಾನಿಲ್ಲದೆ ಬರಿ ಸೈಕಲ್ಲಿನಲ್ಲಿ ಹೋಗಿಬರುವುದು ತಪ್ಪಾಗುತ್ತದೆಯೇ? ತಿಳಿದವರು ಹೇಳಬೇಕು.

ಎರೆಹೊಲ

ಸೈಕಲ್ ಕೆಲಸವನ್ನು ವಿಶ್ರಾಂತಿಯ ದಿನದ ಸಂಜೆಗೆ ಇಟ್ಟುಕೊಳ್ಳಬೇಡಿ. ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದು ಇದೇ. ಬಾದಾಮಿ ಮುಟ್ಟಿದ ಸಂಜೆಯೇ, ಚೀಲ ಇಳಿಸಿದ ಕೂಡಲೇ, ಕಾಲು ಗಂಟೆ ತಪಾಸಣೆ ಮಾಡಿ ಮುಗಿಸಿ. ಬಾದಾಮಿಯ ಸೈಕಲ್ ಅಂಗಡಿಗಳಲ್ಲಿ ಸಾದಾ ಸೈಕಲ್ಲಿನ ಸಾಮಾನು ಸಿಗುತ್ತದೆ. 9 ಗೇರಿನ ಚೈನು, ಡಿಸ್ಕಿನ ಪ್ಯಾಡು, 700ರ ಟೈರು ಅಲ್ಲಿ ಸಿಗುತ್ತವೆಂದು ನಂಬಿ ಹೋಗುವ ಹಾಗಿಲ್ಲ. ಸಂಜೆಯೇ ದೋಷ ಗೊತ್ತಾದರೆ ಮರುದಿನ ಇಡೀ ಹಗಲು ಕೈಯಲ್ಲಿರುತ್ತದೆ. ಬಸ್ಸಿಗೆ ಬಾಗಲಕೋಟೆಗೆ ಹೋಗಬಹುದು, ರೈಲಿಗೆ ಹುಬ್ಬಳ್ಳಿಗೂ ಹೋಗಿಬರಬಹುದು. ಬಾದಾಮಿ ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ, ಸೊಲ್ಲಾಪುರ–ಹುಬ್ಬಳ್ಳಿ ಹಾದಿಯ ಮೇಲೆ. ದೋಷ ಮರುದಿನ ಸಂಜೆ ಆರಕ್ಕೆ ಕಂಡರೆ ಅದನ್ನೇ ಹೊತ್ತುಕೊಂಡು ಹುಬ್ಬಳ್ಳಿ ತನಕ ತುಳಿಯಬೇಕು.

ತಪಾಸಣೆಯಲ್ಲಿ ನೋಡಬೇಕಾದ್ದು ಎರಡು ಜಾತಿ: ಹುಬ್ಬಳ್ಳಿಯವರೆಗೆ ತಡೆಯುವಂಥದ್ದು, ತಡೆಯದಂಥದ್ದು. ಸವೆದ ಚೈನು ಇನ್ನೂ ನೂರು ಕಿ.ಮೀ. ಬರುತ್ತದೆ. ಮುರಿದ ಸ್ಪೋಕು, ಬಾಯಿಬಿಟ್ಟ ಟೈರು, ಬಾಗಿದ ಹ್ಯಾಂಗರ್ ಬರುವುದಿಲ್ಲ. ಹ್ಯಾಂಗರ್ ಅಂದರೆ ಹಿಂದಿನ ಗೇರು ನೇತುಬಿದ್ದಿರುವ ಚಿಕ್ಕ ಅಲ್ಯೂಮಿನಿಯಂ ತುಂಡು. ಅದು ಒಂದೊಂದು ಚೌಕಟ್ಟಿಗೆ ಒಂದೊಂದು ಆಕಾರ, ದೊಡ್ಡ ಊರಿನಲ್ಲೂ ಸಿಗುವುದು ಕಷ್ಟ. ನಿಮ್ಮ ಉಕ್ಕಿನ ಚೌಕಟ್ಟಿನಲ್ಲಿ ಅದು ಬೇರೆ ತುಂಡಾಗಿ ಬೋಲ್ಟಿನಲ್ಲಿ ಕೂತಿದ್ದರೆ ಬೀದರ್ ಬಿಡುವ ಮೊದಲೇ ಒಂದು ಹೆಚ್ಚಿನದು ಚೀಲದಲ್ಲಿರಲಿ. ಚೌಕಟ್ಟಿನಲ್ಲೇ ಸೇರಿದ ಉಕ್ಕಾಗಿದ್ದರೆ ಚಿಂತೆಯಿಲ್ಲ, ಬಾಗಿದರೆ ನಿಧಾನವಾಗಿ ನೆಟ್ಟಗೆ ಮಾಡಬಹುದು.

ಚೈನು ಅಳೆಯಲು ವಿಶೇಷ ಉಪಕರಣ ಬೇಡ. ಪುಸ್ತಕದಂಗಡಿಯಲ್ಲಿ ಸಿಗುವ 30 ಸೆಂ.ಮೀ. ಸ್ಟೀಲ್ ಸ್ಕೇಲ್ ಸಾಕು. ಪೆಡಲ್ ಒತ್ತಿಹಿಡಿದು ಚೈನನ್ನು ಬಿಗಿ ಮಾಡಿ, ಒಂದು ಪಿನ್ನಿನ ನಡುವಿನಿಂದ 20 ಕೊಂಡಿ ಆಚೆಯ ಪಿನ್ನಿನ ನಡುವಿಗೆ ಅಳೆಯಿರಿ. ಹೊಸ ಚೈನಿನಲ್ಲಿ ಅದು ಸರಿಯಾಗಿ 254 ಮಿ.ಮೀ. ಇರುತ್ತದೆ. 256ರ ಹತ್ತಿರ ಬಂದಿದ್ದರೆ ಚೈನು ಬದಲಿಸುವ ಹೊತ್ತು. 256.5 ದಾಟಿದ್ದರೆ ಹಿಂದಿನ ಹಲ್ಲುಚಕ್ರವೂ ಅದರ ಜೊತೆಗೇ ಸವೆದಿರುತ್ತದೆ, ಹೊಸ ಚೈನೊಂದನ್ನೇ ಹಾಕಿದರೆ ಏರಿನಲ್ಲಿ ಜೋರಾಗಿ ತುಳಿದಾಗ ಹಾರುತ್ತದೆ. ಅಂಥ ಸ್ಥಿತಿಯಲ್ಲಿ ದಾರಿಯ ನಡುವೆ ಹೊಸ ಚೈನು ಹಾಕುವುದಕ್ಕಿಂತ ಹಳೆಯದರಲ್ಲೇ ಕಾರವಾರ ಮುಟ್ಟುವುದು ಲೇಸು.

ಚೈನು ತೊಳೆಯಬೇಡಿ. ಡೀಸೆಲ್ಲಿನ ಬಾಟಲಿಯಲ್ಲಿ ಹಾಕಿ ಅಲುಗಾಡಿಸಿದರೆ ಫಳಫಳ ಹೊಳೆಯುತ್ತದೆ ನಿಜ. ಆದರೆ ಉರುಳೆಗಳ ಒಳಗಿದ್ದ ಜಿಡ್ಡೆಲ್ಲ ಹೋಗಿ, ಮೇಲೆ ಬಿಟ್ಟ ಎಣ್ಣೆ ಒಳಗಿಳಿಯುವುದಕ್ಕೆ ಒಂದು ರಾತ್ರಿಯಾದರೂ ಬೇಕು. ಪ್ರಯಾಣದ ನಡುವೆ ಇಷ್ಟು ಸಾಕು: ಹಳೆಯ ಬನಿಯನ್ ಚೂರಿನಲ್ಲಿ ಚೈನನ್ನು ಹಿಡಿದು ಪೆಡಲನ್ನು ಹಿಂದಕ್ಕೆ 30–40 ಸುತ್ತು ತಿರುಗಿಸಿ, ಬಟ್ಟೆ ಕಪ್ಪಾದಂತೆ ಬದಲಿಸಿ. ಗೇರಿನ ಎರಡು ಪುಟ್ಟ ಚಕ್ರಗಳ ಮೇಲೆ ಕೂತ ಕಪ್ಪು ಕೆನೆಯನ್ನು ಕಡ್ಡಿಯಿಂದ ಕೆರೆಯಿರಿ. ಎರೆಮಣ್ಣಿನ ಧೂಳು ಕೂರುವುದೇ ಅಲ್ಲಿ. ನಂತರ ಒಂದೊಂದು ಉರುಳೆಗೆ ಒಂದೇ ಹನಿ. ಅರ್ಧ ಗಂಟೆ ಬಿಟ್ಟು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆ ಧೂಳು ಹಿಡಿಯುವುದಕ್ಕೆ ಮಾತ್ರ ಬರುತ್ತದೆ. ಚೈನಿನ ಎಣ್ಣೆ ತೀರಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಯಾವ ಊರಿನಲ್ಲೂ ಸಿಗುತ್ತದೆ. ತೆಳು, ಬೇಗ ಆರುತ್ತದೆ, ದಿನಾ ಬಿಡಬೇಕಾಗುತ್ತದೆ, ಆದರೆ ಕೆಲಸ ಮಾಡುತ್ತದೆ. ಮೋಟರ್‌ಸೈಕಲ್ಲಿನ ಇಂಜಿನ್ ಆಯಿಲ್ ಬೇಡ, ದಪ್ಪನೆಯದು ಧೂಳಿನೊಂದಿಗೆ ಸೇರಿ ಅರೆಯುವ ಪೇಸ್ಟ್ ಆಗುತ್ತದೆ. ಯಾವ ಎಣ್ಣೆಯಾದರೂ ಡಿಸ್ಕಿನ ತಟ್ಟೆಗೆ ಒಂದು ಹನಿಯೂ ಸಿಡಿಯಬಾರದು. ಸ್ಪ್ರೇ ಡಬ್ಬಿಯನ್ನಂತೂ ಗಾಲಿಯ ಹತ್ತಿರ ತರಲೇಬೇಡಿ.

ಸ್ಪೋಕುಗಳನ್ನು ವೀಣೆಯ ತಂತಿಯಂತೆ ಮೀಟುತ್ತ ಬನ್ನಿ. ಹಿಂದಿನ ಗಾಲಿಯ ಬಲಗಡೆಯವೆಲ್ಲ ಸುಮಾರು ಒಂದೇ ಸ್ವರ ಕೊಡಬೇಕು. ಎಡಗಡೆಯವು ಸ್ವಲ್ಪ ಮಂದ್ರದಲ್ಲಿದ್ದರೆ ಅದು ಸಹಜ. ಒಂದು ಮಾತ್ರ ಡಬ್ ಎಂದು ಸತ್ತ ದನಿ ಕೊಟ್ಟರೆ ಅದು ಸಡಿಲಾಗಿದೆ. ಟೈರಿನ ಕಡೆಯಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಮತ್ತೆ ಮೀಟಿ ನೋಡಿ. ಭಾರ ಹೊತ್ತ ಸೈಕಲ್ಲಿನಲ್ಲಿ ಮೊದಲು ಮುರಿಯುವುದು ಹಿಂದಿನ ಬಲಗಡೆಯ ಸ್ಪೋಕು. ಅದೇ ಉದ್ದದ ಎರಡು–ಮೂರು ಸ್ಪೋಕನ್ನು ಚೌಕಟ್ಟಿಗೆ ಟೇಪಿನಿಂದ ಸುತ್ತಿ ಒಯ್ಯಿರಿ.

ಕ್ಯಾರಿಯರಿನ ಬೋಲ್ಟುಗಳನ್ನು ಮರೆಯಬೇಡಿ. 5 ಮಿ.ಮೀ. ದಪ್ಪದ ಆ ನಾಲ್ಕು ಬೋಲ್ಟು 15 ಕಿಲೋ ಭಾರವನ್ನು ಉಬ್ಬುತಗ್ಗಿನ ಮೇಲೆ ಹೊತ್ತು ತರುತ್ತವೆ, ಸಡಿಲಾಗದೆ ಇರುವುದಿಲ್ಲ. ಕೆಳಗಿನ ಎರಡರ ಮೇಲೆ ಭಾರ ಹೆಚ್ಚು. ಚಿಕ್ಕ ಎಲ್ ಪಾನಾದಲ್ಲಿ ಬಿಗಿಯಾಯಿತು ಅನ್ನಿಸಿದ ಮೇಲೆ ಇನ್ನಷ್ಟು ತಿರುಚಬೇಡಿ, ಎಳೆ ಹೋದರೆ ದಾರಿಯಲ್ಲಿ ಮದ್ದಿಲ್ಲ.

ಕೆಂಪುಬಂಡೆ

ಸೈಕಲ್ ಮಾತನ್ನು ಮೇಲಿನವರು ಚೊಕ್ಕ ಹೇಳಿದ್ದಾರೆ. ನಾನು ಕಾಲಿನ ಮಾತು ಹೇಳುತ್ತೇನೆ, ಏಕೆಂದರೆ ಬಾದಾಮಿಯಲ್ಲಿ ನೋಡುವಂಥದ್ದೆಲ್ಲ ಮೆಟ್ಟಿಲ ಮೇಲಿದೆ.

ನಾಲ್ಕು ದಿನ ಸತತ ಸೈಕಲ್ ತುಳಿದ ಕಾಲು ಬಲವಾಗಿರುತ್ತದೆ, ಆದರೆ ಅದು ಬಲ್ಲದ್ದು ಒತ್ತುವುದೊಂದನ್ನೇ. ಮೆಟ್ಟಿಲು ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತ ಭಾರ ತಡೆಯಬೇಕು. ಸೈಕಲ್ಲಿನಲ್ಲಿ ಆ ಕೆಲಸವೇ ಇಲ್ಲ. ಹೀಗಾಗಿ ಹತ್ತುವಾಗ ಏನೂ ಅನ್ನಿಸುವುದಿಲ್ಲ, ಇಳಿದ ನೋವು ಒಂದು ದಿನ ಬಿಟ್ಟು ಏಳುತ್ತದೆ, ಎರಡನೇ ದಿನಕ್ಕೆ ಜೋರಾಗುತ್ತದೆ. ನಿಮ್ಮ ಲೆಕ್ಕದಲ್ಲಿ ಆ ಎರಡನೇ ದಿನ ಅಂದರೆ ಹುಬ್ಬಳ್ಳಿಯಿಂದ ಯಲ್ಲಾಪುರ, ಏರಿಳಿತ ಶುರುವಾಗುವ ಹಾದಿ. ಆದ್ದರಿಂದ ದಕ್ಷಿಣದ ಗುಡ್ಡದ ಗುಹೆಗಳು, ಉತ್ತರದ ಗುಡ್ಡದ ಕೋಟೆ, ಇವೆರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಮೊದಲ ಸಲ ಬರುವವರಿಗೆ ಗುಹೆಗಳೇ ಸರಿ. ನಾಲ್ಕನೆಯ ಗುಹೆಯವರೆಗೆ ಸುಮಾರು 200 ಮೆಟ್ಟಿಲು, ನಡುನಡುವೆ ನಿಲ್ಲುವ ಜಾಗಗಳಿವೆ. ಉತ್ತರದ ಕೋಟೆಗೆ ಹೋಗುವ ದಾರಿ ಬಂಡೆಗಳ ಸೀಳಿನೊಳಗೆ ನುಗ್ಗಿ ಏರುತ್ತದೆ, ಮೆಟ್ಟಿಲು ಎತ್ತರ, ಒಂದರಂತೆ ಒಂದಿಲ್ಲ. ಮಂಡಿಗೆ ಅದೇ ಹೆಚ್ಚು ಪೆಟ್ಟು.

ಗುಹೆಗೆ ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೇ ಹೋಗಿ. ಶಾಲೆಯ ಮಕ್ಕಳ ಬಸ್ಸು ಡಿಸೆಂಬರಿನಲ್ಲಿ ಸಾಲುಗಟ್ಟಿ ಬರುತ್ತವೆ. ಅವು ಬಂದ ಮೇಲೆ ಮೂರನೇ ಗುಹೆಯಲ್ಲಿ ನಿಂತು ನೋಡುವುದು ಕಷ್ಟ. ಆ ಮೂರನೇ ಗುಹೆಗೆ ಹೊತ್ತು ಕೊಡಿ. ಚಾಲುಕ್ಯ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಳೇಶ ಮಾಡಿಸಿದ್ದು, ಶಕ 500 ಅಂದರೆ ಕ್ರಿ.ಶ. 578ರ ಶಾಸನ ಅಲ್ಲಿದೆ. ನಾಲ್ಕರಲ್ಲಿ ತೇದಿ ಸಿಕ್ಕಿರುವುದು ಅದೊಂದಕ್ಕೇ, ಉಳಿದವುಗಳ ಕಾಲವನ್ನು ಅದರಿಂದ ಅಂದಾಜು ಮಾಡುತ್ತಾರೆ. ಕಂಬದ ತಲೆಯ ಮೇಲಿನ ಜೋಡಿ ಶಿಲ್ಪಗಳನ್ನು ಕತ್ತೆತ್ತಿ ನೋಡಬೇಕು, ಬಹಳ ಜನ ನೆಲದ ಮಟ್ಟದ ವಿಷ್ಣುವನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ಮೊದಲ ಗುಹೆಯ ಹದಿನೆಂಟು ಕೈಯ ನಟರಾಜ ಒಳಗಿಲ್ಲ, ಹೊರಗೆ ಬಲಗಡೆಯ ಬಂಡೆಯ ಮೇಲಿದೆ.

ಕೋತಿಗಳ ವಿಷಯ ಗಂಭೀರವಾಗಿ ತೆಗೆದುಕೊಳ್ಳಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಬಾಳೆಹಣ್ಣು, ಬಣ್ಣದ ನೀರಿನ ಬಾಟಲಿ ಏನೂ ಬೇಡ. ಹ್ಯಾಂಡಲ್ ಮುಂದಿನ ಚೀಲವನ್ನು ಸೈಕಲ್ಲಿನಲ್ಲೇ ಬಿಟ್ಟು ಕೆಳಗೆ ನಿಲ್ಲಿಸಿ ಹತ್ತಿದರೆ ಜಿಪ್ಪು ಬಿಚ್ಚಿ ಒಳಗಿನದನ್ನೆಲ್ಲ ಹೊರಗೆ ಹಾಕಿರುತ್ತವೆ. ಸೈಕಲ್ಲನ್ನು ಕೋಣೆಯಲ್ಲಿ ಬಿಟ್ಟು ನಡೆದೇ ಬನ್ನಿ. ಪೆಡಲಿಗೆ ಸಿಕ್ಕಿಸುವ ಲೋಹದ ತುಂಡಿರುವ ಬೂಟು ಹಾಕಿಕೊಂಡು ಆ ನುಣುಪಾದ ಕಲ್ಲಿನ ಮೆಟ್ಟಿಲು ಹತ್ತಬಾರದು, ಜಾರುತ್ತದೆ. ರಬ್ಬರ್ ಅಟ್ಟೆಯ ಚಪ್ಪಲಿ ಸಾಕು.

ಸಂಜೆಗೆ ಅಗಸ್ತ್ಯ ತೀರ್ಥದ ದಂಡೆ ಹಿಡಿದು ಭೂತನಾಥ ಗುಡಿಯವರೆಗೆ ನಡೆಯಿರಿ. ಸಮತಟ್ಟು ದಾರಿ, ಕಾಲು ಸಡಿಲಾಗಲು ಇದಕ್ಕಿಂತ ಒಳ್ಳೆಯದಿಲ್ಲ. ಗುಡಿ ಕೆರೆಯ ಪೂರ್ವದ ತುದಿಯಲ್ಲಿರುವುದರಿಂದ ಇಳಿಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಕನ್ನಡ ಓದುವವರು ಅಲ್ಲಿಗೆ ಹೋಗಿ ಕೆರೆಯ ಈಶಾನ್ಯ ಮೂಲೆಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ ನೋಡದೆ ಬರಬಾರದು. ಕ್ರಿ.ಶ. 700ರ ಆಸುಪಾಸಿನದು, ಕನ್ನಡದ ತ್ರಿಪದಿಯ ಅತಿ ಹಳೆಯ ರೂಪ ಆ ಕಲ್ಲಿನ ಮೇಲಿದೆ. ‘ಸಾಧುಗೆ ಸಾಧು’ ಎಂಬ ಸಾಲು ಶಾಲೆಯಲ್ಲಿ ಓದಿರುತ್ತೀರಿ, ಅದು ಇದ್ದದ್ದು ಇಲ್ಲೇ. ಮ್ಯೂಜಿಯಂ ಉತ್ತರದ ಗುಡ್ಡದ ಬುಡದಲ್ಲಿದೆ, ಮೆಟ್ಟಿಲ ಕಾಟವಿಲ್ಲ. ಶುಕ್ರವಾರ ಮುಚ್ಚಿರುತ್ತದೆ, ನಿಮ್ಮ ಐದನೇ ದಿನ ಯಾವ ವಾರ ಬರುತ್ತದೆ ಎಂದು ಈಗಲೇ ಎಣಿಸಿ.

ಪಟ್ಟದಕಲ್ಲಿಗೆ ಹೋಗುವುದಾದರೆ ಬಸ್ಸಿಗೆ ಹೋಗಿ. ಹೋಗಿಬರಲು ಸುಮಾರು 44 ಕಿ.ಮೀ. ಆಗುತ್ತದೆ. ಭಾರವಿಲ್ಲದಿದ್ದರೂ ಎರಡೂವರೆ ಗಂಟೆ ಸೀಟಿನ ಮೇಲೆ ಕೂರಬೇಕು. ಕಾಲಿಗೆ ಅದು ದೊಡ್ಡ ಕೆಲಸವಲ್ಲದೆ ಇರಬಹುದು, ಆದರೆ ವಿಶ್ರಾಂತಿ ಬೇಕಾಗಿರುವುದು ಕಾಲಿಗಿಂತ ಹೆಚ್ಚಾಗಿ ಕುಂಡೆಯ ಚರ್ಮಕ್ಕೆ, ಅಂಗೈಗೆ. ನನ್ನ ಮಾತು ಕೇಳುವುದಾದರೆ ಈ ಸಲ ಪಟ್ಟದಕಲ್ಲು ಬಿಡಿ. ವಿರೂಪಾಕ್ಷ ಗುಡಿಯ ಗೋಡೆಗಳಿಗೆ ಅರ್ಧ ದಿನ ಬೇಕು, ಬಸ್ಸಿನ ಹೊತ್ತು ನೋಡುತ್ತ ನೋಡುವ ಜಾಗವಲ್ಲ ಅದು.

ಕಾರಂಜಾದಂಡೆ

ಬಹಳ ಉಪಕಾರವಾಯಿತು. ಪಟ್ಟದಕಲ್ಲು ಬಿಡುತ್ತೇವೆ. ಇನ್ನೊಂದು ಸಂಶಯ: ಈ ಭಾಗದಲ್ಲಿ ಮುಳ್ಳಿನ ಪಂಕ್ಚರ್ ಜಾಸ್ತಿ ಎಂದು ಕೇಳಿದ್ದೇವೆ. ಬಿಸಿಲಿಗೆ ಟೈರು ಸಿಡಿಯದಂತೆ ಹವಾ ಕಡಿಮೆ ಇಟ್ಟುಕೊಳ್ಳಿ ಎಂದೂ ಕೆಲವರು ಹೇಳಿದರು. ನಾವು ಹಿಂದೆ 60, ಮುಂದೆ 50 ಪಿಎಸ್‌ಐ ಇಡುತ್ತೇವೆ. ಟ್ಯೂಬಿಗೆ ತೆಳು ವಾಲ್ (ಹವಾ ತುಂಬುವ ನಳಿಗೆ) ಇದೆ, ಮೋಟರ್‌ಸೈಕಲ್ಲಿನಂಥದ್ದಲ್ಲ.

ಗುಮ್ಮಟದನೆರಳು

ವಿಜಯಪುರದಿಂದ ಬರೆಯುತ್ತಿದ್ದೇನೆ. ಮೊದಲು ಎರೆಹೊಲ ಅವರ ಮಾತಿಗೆ ಒಂದು ತಿದ್ದುಪಡಿ: ತಪಾಸಣೆ ಬಾದಾಮಿಯ ಸಂಜೆಗೂ ತಡವೇ. ಅದನ್ನು ಮೂರನೇ ದಿನ ವಿಜಯಪುರದಲ್ಲೇ ಮಾಡಿ. ಸಿಂದಗಿಯಿಂದ ವಿಜಯಪುರ ಬರೀ 60 ಕಿ.ಮೀ.ಯ ಹಾದಿ, ಬೇಗ ಹೊರಟರೆ ಮಧ್ಯಾಹ್ನದೊಳಗೆ ಊರು ಸೇರುತ್ತೀರಿ. ವಿಜಯಪುರ, ಬಾಗಲಕೋಟೆ ಎರಡೂ ಜಿಲ್ಲೆ ಸೈಕಲ್ ಓಟಗಾರರಿಗೆ ಹೆಸರಾದವು, ಗೇರ್ ಸೈಕಲ್ ಬಿಚ್ಚಿ ಜೋಡಿಸಬಲ್ಲ ಕೈಗಳು ಇಲ್ಲಿವೆ. ಏನಾದರೂ ಬದಲಿಸಬೇಕಾದರೆ ಇಲ್ಲಿ ಬದಲಿಸಿ, ಬಾದಾಮಿಯಲ್ಲಿ ಒರೆಸುವುದು, ಎಣ್ಣೆ ಬಿಡುವುದು ಮಾತ್ರ ಉಳಿಯಲಿ. ಆ ಮಧ್ಯಾಹ್ನ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಹತ್ತುವ ಆಸೆ ಬರುತ್ತದೆ. ಮೂಲೆಯ ಗೋಪುರದೊಳಗಿನ ಮೆಟ್ಟಿಲು ಏಳು ಅಂತಸ್ತು, ಇಕ್ಕಟ್ಟು, ಕಡಿದು. ಕೆಂಪುಬಂಡೆ ಅವರು ಹೇಳಿದ ಇಳಿಯುವ ನೋವಿನ ಲೆಕ್ಕ ಇಲ್ಲಿಗೂ ಹೊಂದುತ್ತದೆ, ಮರುದಿನವೇ 120 ಕಿ.ಮೀ. ತುಳಿಯಬೇಕಾದವರು ಹತ್ತಬಾರದು. ಅದರ ಬದಲು ಇಬ್ರಾಹಿಂ ರೋಜಾ ನೋಡಿ. ನೆಲಮಟ್ಟದಲ್ಲಿದೆ, ಗೋಡೆಯ ಮೇಲಿನ ಕಲ್ಲಿನ ಬರಹಕ್ಕೆ ಸರಿಸಾಟಿಯಿಲ್ಲ, ಗುಮ್ಮಟಕ್ಕಿಂತ ಗದ್ದಲ ಕಡಿಮೆ.

ಈಗ ಮುಳ್ಳು. ಇಲ್ಲಿ ಎರಡು ಜಾತಿ. ಬಳ್ಳಾರಿ ಜಾಲಿಯ ಮುಳ್ಳು ಉದ್ದ, ಗಟ್ಟಿ. ರಸ್ತೆಯ ಬದಿಯ ಜಾಲಿ ಕಡಿದು ಟ್ರ್ಯಾಕ್ಟರಿನಲ್ಲಿ ಸಾಗಿಸುವಾಗ ಡಾಂಬರಿನ ಮೇಲೆಯೇ ಬಿದ್ದಿರುತ್ತದೆ, ಚುಚ್ಚಿದರೆ ತಕ್ಷಣ ಗೊತ್ತಾಗುತ್ತದೆ. ನೆಗ್ಗಿಲು ಮುಳ್ಳು ಬೇರೆ. ನೆಲಕ್ಕೆ ಹಬ್ಬುವ ಬಳ್ಳಿ, ಕಾಯಿ ಒಣಗಿ ಒಡೆದ ಮೇಲೆ ಒಂದೊಂದು ತುಂಡಿನ ಮುಳ್ಳು ಮೇಲ್ಮುಖವಾಗಿಯೇ ಕೂರುತ್ತದೆ. ಮಳೆಗಾಲ ಮುಗಿದು ಒಣಗುವ ಈ ತಿಂಗಳುಗಳೇ ಅದರ ಕಾಲ. ಡಾಂಬರು ಬಿಟ್ಟು ನೆರಳಿಗೆಂದು ರಸ್ತೆಯ ಅಂಚಿಗೆ ಸೈಕಲ್ ತಳ್ಳಿಕೊಂಡು ಹೋಗುವಾಗ ಹತ್ತುತ್ತದೆ. ನಿಲ್ಲುವಾಗ ಸೈಕಲ್ಲನ್ನು ಎತ್ತಿಕೊಂಡು ಹೋಗಿ, ಉರುಳಿಸಬೇಡಿ. ಇದೊಂದು ಅಭ್ಯಾಸದಿಂದಲೇ ಅರ್ಧ ಪಂಕ್ಚರ್ ತಪ್ಪುತ್ತದೆ.

ಮುಳ್ಳು ತುದಿ ಮುರಿದು ಟೈರಿನ ಒಳಪದರದಲ್ಲಿ ಉಳಿಯುವುದೇ ದೊಡ್ಡ ತೊಂದರೆ. ಟ್ಯೂಬಿಗೆ ಪ್ಯಾಚು ಅಂಟಿಸಿ ಹಾಕುತ್ತೀರಿ, ಹತ್ತು ಕಿ.ಮೀ.ಗೆ ಮತ್ತೆ ಹವಾ ಇಳಿಯುತ್ತದೆ, ಪ್ಯಾಚು ಕೆಟ್ಟದ್ದೆಂದು ಬೈಯುತ್ತೀರಿ. ಅದಕ್ಕೆ ಉಪಾಯವಿದೆ. ಟೈರಿನ ಮೇಲಿನ ಹೆಸರಿನ ನಡುಭಾಗ ಯಾವಾಗಲೂ ವಾಲಿನ ಎದುರಿಗೆ ಬರುವಂತೆ ಜೋಡಿಸಿಡಿ. ತೂತಾದ ಟ್ಯೂಬನ್ನು ಬಕೆಟ್ಟಿನಲ್ಲಿ ಮುಳುಗಿಸಿ ತೂತು ವಾಲಿನಿಂದ ಎಷ್ಟು ಗೇಣು ಎಂದು ನೋಡಿದರೆ ಟೈರಿನಲ್ಲಿ ಮುಳ್ಳು ಎಲ್ಲಿದೆ ಎಂಬುದು ಎರಡು ಬೆರಳಿನ ಅಳತೆಯೊಳಗೆ ಸಿಗುತ್ತದೆ. ಬಾದಾಮಿಯ ದಿನ ಪಂಕ್ಚರ್ ಆಗದಿದ್ದರೂ ಎರಡೂ ಟೈರಿನ ಹವಾ ಪೂರ್ತಿ ಬಿಟ್ಟು, ಬಿಸಿಲಿನಲ್ಲಿ ಕೂತು, ಟೈರಿನ ಮೇಲ್ಮೈಯನ್ನು ಹಿಂಡುತ್ತ ಒಂದು ಸುತ್ತು ಬನ್ನಿ. ಹಿಂಡಿದಾಗ ಸಣ್ಣ ಸೀಳುಗಳು ಬಾಯಿ ತೆರೆಯುತ್ತವೆ, ಒಳಗೆ ಕಪ್ಪು ಚುಕ್ಕೆಯೋ ಹರಳೋ ಕಂಡರೆ ಸೂಜಿಯಿಂದ ಎಬ್ಬಿಸಿ ತೆಗೆಯಿರಿ. ಬೆರಳಿನಲ್ಲಿ ಒಳಗೆ ತಡಕಬೇಡಿ, ಹತ್ತಿಯ ಉಂಡೆ ಸವರಿ, ಮುಳ್ಳಿದ್ದ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ.

ಬಿಸಿಲಿಗೆ ಟೈರು ಸಿಡಿಯುವ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಬೆಳಿಗ್ಗೆ 20 ಡಿಗ್ರಿಯಲ್ಲಿ 60 ಪಿಎಸ್‌ಐ ಹಾಕಿದ್ದು ಟೈರು 45 ಡಿಗ್ರಿಗೆ ಕಾದಾಗ 66ರ ಆಸುಪಾಸಿಗೆ ಬರುತ್ತದೆ, ಅಷ್ಟೇ. 38ರ ಒಳ್ಳೆಯ ಟೈರು ಅದನ್ನು ಗಮನಿಸುವುದೂ ಇಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಅಂಕಿ ಮಾತ್ರ ಒಮ್ಮೆ ಓದಿಕೊಳ್ಳಿ. ಹವಾ ಕಡಿಮೆ ಇಟ್ಟರೆ ಭಾರದ ಹಿಂದಿನ ಗಾಲಿ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಜೋಡಿ ತೂತಾಗುತ್ತದೆ. ನಿಮ್ಮ 60–50 ಸರಿಯಾಗಿಯೇ ಇದೆ. ಸಿಡಿಯುವ ಅಪಾಯ ಇರುವುದು ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ. ಲಾರಿಯ ಟೈರಿಗೆ ಇಟ್ಟ ಒತ್ತಡ ಅದು, ಸೈಕಲ್ ಟ್ಯೂಬಿನ ಹೊಟ್ಟೆ ಚಿಕ್ಕದು, ಎರಡೇ ಕ್ಷಣಕ್ಕೆ ತುಂಬಿ ಟೈರು ರಿಮ್ಮಿನಿಂದ ಹಾರುತ್ತದೆ. ಸ್ವಲ್ಪ ಸ್ವಲ್ಪವೇ ಹಾಕಿಸಿ, ನಡುನಡುವೆ ಬೆರಳಿನಿಂದ ಒತ್ತಿ ನೋಡಿ. ತೆಳು ವಾಲಿಗೆ ಕಂಪ್ರೆಸರಿನ ಬಾಯಿ ಕೂರಬೇಕಾದರೆ ಹಿತ್ತಾಳೆಯ ಅಡಾಪ್ಟರ್ ಬೇಕು. ಉಗುರಿನಷ್ಟು ಗಾತ್ರದ್ದು, ಎರಡು ತನ್ನಿ, ಒಂದು ಖಂಡಿತ ಕಳೆಯುತ್ತದೆ.

ಖಡಕ್ರೊಟ್ಟಿ

ಊಟದ ಮಾತು ಯಾರೂ ಎತ್ತಲಿಲ್ಲ, ಅದಕ್ಕ ನಾ ಬರೀತೀನ್ರಿ.

ನಾಕನೇ ದಿನ ಕೊಲ್ಹಾರದಾಗ ನಿಂದರ್ರಿ. ಅಲ್ಲಿ ಗಡಿಗಿ ಮೊಸರು ಹೆಸರಾದದ್ದು, ಗಟ್ಟಿ ಇರ್ತೈತಿ. ಮೊಸರಿಗೆ ಉಪ್ಪು ಕಲಸ್ಕೊಂಡು ಉಂಡ್ರ ಬೆವರಿನಾಗ ಹೋದ ಉಪ್ಪು ತಿರುಗಿ ಬರ್ತೈತಿ. ಮುಂದ ಕೃಷ್ಣಾ ಮ್ಯಾಲಿನ ಸೇತುವೆ ಉದ್ದ ಐತಿ, ಎರಡೂ ಕಡಿ ಬಯಲು ನೀರು, ಗಾಳಿ ಅಡ್ಡ ಹೊಡೀತೈತಿ. ಚೀಲ ಕಟ್ಟಿದ ಸೈಕಲ್ಲು ಗಾಳಿಗೆ ಹಾಯಿ ಇದ್ದಂಗ. ದೊಡ್ಡ ಗಾಡಿ ಪಕ್ಕಕ್ಕ ಬಂದಾಗ ಗಾಳಿ ಒಮ್ಮೆಲೆ ನಿಂತು, ಗಾಡಿ ದಾಟಿದ ಕೂಡ್ಲೇ ಮತ್ತ ಹೊಡೀತೈತಿ, ಆಗ ಹ್ಯಾಂಡಲ್ ಬಿಗಿ ಹಿಡೀಬೇಕು. ಕಬ್ಬಿನ ಹಂಗಾಮು ಇರ್ತೈತಿ, ಎರಡೆರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರು ಹಿಂದ ದೀಪ ಇಲ್ಲದ ಹೊಂಟಿರ್ತಾವ. ಹೊತ್ತು ಮುಳುಗೂದ್ರಾಗ ಬಾದಾಮಿ ಸೇರ್ರಿ, ಕತ್ತಲದಾಗ ಬ್ಯಾಡ.

ಬಾದಾಮಿ ಮುಟ್ಟಿದ ರಾತ್ರಿ ಮೊದಲು ಅನ್ನ, ಮೊಸರು. ರೊಟ್ಟಿ, ಕಾಳಿನ ಪಲ್ಯಾ ಮರುದಿನ ಮಧ್ಯಾಹ್ನಕ್ಕ ಇಟ್ಕೋರಿ. 120 ಕಿ.ಮೀ. ತುಳಿದ ಹೊಟ್ಟಿ ದಣಿದಿರ್ತೈತಿ, ಜ್ವಾಳದ ನಾರು, ಶೇಂಗಾ ಹಿಂಡಿಯ ಖಾರ ಆಗ ಬಿದ್ರ ರಾತ್ರಿ ನಿದ್ದಿ ಬರಂಗಿಲ್ಲ. ಮರುದಿನ ಮಧ್ಯಾಹ್ನ ಬನಶಂಕರಿಗೆ ಹೋಗ್ರಿ, ಊರಿಂದ 5 ಕಿ.ಮೀ. ಅಷ್ಟ, ಆಟೋ ಸಿಗ್ತಾವ. ಗುಡಿ ಮುಂದ ಹೆಣ್ಣಮಕ್ಕಳು ಬುಟ್ಟಿಯೊಳಗ ಜ್ವಾಳದ ರೊಟ್ಟಿ, ಪಲ್ಯಾ, ಕೆಂಪು ಚಟ್ನಿ, ಗಡಿಗಿ ಮೊಸರು ತಂದು ಕೂಡ್ಸಿ ನೀಡ್ತಾರ. ದೇವರ ದರ್ಶನ ಆತು, ಊಟಾನೂ ಆತು. ಆ ಊಟದ ಜೋಡಿ ಬರೋ ಹಸಿ ಸೊಪ್ಪು, ಹೆಚ್ಚಿದ ಉಳ್ಳಾಗಡ್ಡಿ ಮಾತ್ರ ಬಿಡ್ರಿ. ರುಚಿ ಭಾಳ, ಖರೆ, ಆದ್ರ ಯಾವ ನೀರಾಗ ತೊಳದದ್ದೋ ಗೊತ್ತಾಗಂಗಿಲ್ಲ, ಪ್ರಯಾಣದ ನಡುವ ಹೊಟ್ಟಿ ಕೆಟ್ರ ಎರಡು ದಿನ ಕೂಡಬೇಕಾಗ್ತೈತಿ. ಹೊಟ್ಟಿ ಕೆಟ್ಟೇ ಬಿಟ್ರ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಣ್ಣ ಚಮಚದ್ಲೆ ಸಮ ಮಾಡಿ ಆರು ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚು ಹಾಕಬ್ಯಾಡ್ರಿ.

ಮುಂದಿನ ಹಾದಿಗೆ ಬುತ್ತಿ ಕಟ್ಕೊಳ್ಳೂದು ಇಲ್ಲೇ. ಖಡಕ್ ರೊಟ್ಟಿ ತಲಾ ಹತ್ತು, ಶೇಂಗಾ ಹಿಂಡಿ ಕಾಲು ಕಿಲೋ, ಬೆಲ್ಲ ಒಂದು ತುಂಡು. ರೊಟ್ಟಿ ವಾರಗಟ್ಟಲೆ ಕೆಡಂಗಿಲ್ಲ, ಮುರದ್ರೂ ರುಚಿ ಅದೇ. ಅಮೀನಗಡದ ಕರದಂಟು ಸಿಕ್ರ ಅರ್ಧ ಕಿಲೋ ತಗೋರಿ. ಅಂಟು, ಬೆಲ್ಲ, ಕೊಬ್ಬರಿ, ಗೋಡಂಬಿ ಎಲ್ಲಾ ಇರ್ತೈತಿ, ತಾಸಿಗೊಂದು ತುಂಡು ಬಾಯಾಗ ಹಾಕ್ಕೊಂಡ್ರ ಅಂಗಡಿಯ ತುಟ್ಟಿ ಎನರ್ಜಿ ಬಾರಿನ ಗರಜು ಇಲ್ಲ. ನೀರಿಗೆ ಹಳ್ಳಿಯೊಳಗಿನ ಶುದ್ಧ ನೀರಿನ ಘಟಕ ನೋಡ್ರಿ. ನಾಣ್ಯ ಹಾಕಿದ್ರ ಒಂದು ಕ್ಯಾನ್ ಪೂರ್ತಿ ಬರ್ತೈತಿ, ನಿಮ್ಮ ಬಾಟಲಿಗೆ ಅಷ್ಟು ಬೇಕಿಲ್ಲ. ಕೊಡ ತುಂಬಸ್ತಿರೋ ಅಕ್ಕಾರಿಗೆ ಕೇಳ್ರಿ, ಇಲ್ಲ ಅನ್ನಂಗಿಲ್ಲ.

ಇನ್ನ ಚಡ್ಡಿ. ಪ್ಯಾಡಿನ ಚಡ್ಡಿನ ಮುಟ್ಟಿದ ಸಂಜೀನ ಒಗೀರಿ, ಮರುದಿನಕ್ಕ ಇಡಬ್ಯಾಡ್ರಿ. ಸಾಬೂನು ಕಡಿಮಿ, ನೀರು ಮೂರು ಸಲ. ಸಾಬೂನು ಉಳದ್ರ ಬೆವರಿನ ಜೋಡಿ ಕೂಡಿ ಚರ್ಮ ಉರೀತೈತಿ. ಹಿಂಡಿ ತಿರುಚಬ್ಯಾಡ್ರಿ, ಪ್ಯಾಡು ಗಂಟು ಕಟ್ತೈತಿ. ಒಣ ಟವೆಲ್ಲಿನಾಗ ಸುತ್ತಿ ಮ್ಯಾಲ ನಿಂತ್ರ ನೀರೆಲ್ಲಾ ಟವೆಲ್ಲು ಕುಡೀತೈತಿ. ಒಳಮಗ್ಗಲು ಬಿಸಿಲಿಗೆ ಬರೂಹಂಗ ಒಣಾಕ್ರಿ, ಕೋತಿ ಬರದ ಕಡೆ. ಆ ದಿನ ಪೂರ್ತಿ ಲುಂಗಿ ಉಟ್ಕೊಂಡು ಇರ್ರಿ, ಗಾಳಿ ಆಡಿದ್ರ ಕೆಂಪಾದ ಚರ್ಮ ಒಂದೇ ರಾತ್ರಿಗೆ ಆರ್ತೈತಿ. ಸೀಟು ನೋಯ್ತೈತಿ ಅಂತ ವಿಶ್ರಾಂತಿ ದಿನ ಅದರ ಎತ್ತರ ಬದಲ್ಸೋರು ಭಾಳ ಮಂದಿ ಅದಾರ. ಸೆಂಟಿಮೀಟರ್‌ಗಟ್ಟಲೆ ಬದಲಿಸಿದ್ರ ಮರುದಿನ ಮಂಡಿ ಹಿಡೀತೈತಿ. ಬದಲ್ಸೂದಿದ್ರ ಮೂರ್ನಾಕು ಮಿಲಿಮೀಟರ್ ಅಷ್ಟ, ಮೊದಲಿನ ಎತ್ತರಕ್ಕ ಟೇಪಿನ ಗುರುತು ಹಾಕಿಟ್ಟು.

ಎರೆಹೊಲ

ವಿಜಯಪುರದ ಅಣ್ಣಾವರ ತಿದ್ದುಪಡಿ ಒಪ್ಪಿದೆ, ಹಾಗೇ ಮಾಡಿ. ಮೊದಲ ಸಲ ಬಿಟ್ಟುಹೋದದ್ದು ಬ್ರೇಕು. ಎಂಟನೇ ದಿನ ಅರಬೈಲ್ ಇಳಿಯುವವರು ಅದನ್ನು ಬಾದಾಮಿಯಲ್ಲಿ ಕೂತಾಗಲೇ ಸರಿಮಾಡಿಕೊಳ್ಳಬೇಕು, ಯಲ್ಲಾಪುರದ ಬೆಳಿಗ್ಗೆ ಅವಸರದಲ್ಲಲ್ಲ.

ತಂತಿಯ ಡಿಸ್ಕಿನಲ್ಲಿ ಪ್ಯಾಡು ಸವೆದಂತೆ ಲಿವರ್ ಹ್ಯಾಂಡಲಿನ ಹತ್ತಿರ ಬರುತ್ತದೆ. ಆಗ ಎಲ್ಲರೂ ಮಾಡುವ ತಪ್ಪೆಂದರೆ ತಂತಿಯನ್ನು ಎಳೆದು ಬಿಗಿ ಮಾಡುವುದು. ತಂತಿ ಎಳೆದಷ್ಟೂ ಕ್ಯಾಲಿಪರಿನ (ಪ್ಯಾಡುಗಳನ್ನು ಹಿಡಿದು ಒತ್ತುವ ಭಾಗದ) ತೋಳು ಅರ್ಧ ದಾರಿಯಲ್ಲೇ ಶುರುವಾಗುತ್ತದೆ, ಒತ್ತುವ ಬಲ ಕಡಿಮೆಯಾಗುತ್ತದೆ, ಕೊನೆಗೆ ತೋಳು ತುದಿಗೆ ತಾಗಿ ಬ್ರೇಕು ಹಿಡಿಯುವುದೇ ಇಲ್ಲ. ಸರಿಯಾದ ರೀತಿ ಬೇರೆ. ಸ್ಪೋಕುಗಳ ಕಡೆಯ, ಅಲುಗಾಡದ ಪ್ಯಾಡಿಗೆ ಒಂದು ತಿರುಪು ಇರುತ್ತದೆ. ಮೊದಲು ಅದನ್ನು ತಿರುಗಿಸಿ ಪ್ಯಾಡನ್ನು ತಟ್ಟೆಗೆ ತಾಗಿಸಿ, ಆಮೇಲೆ ಉಜ್ಜದಷ್ಟು ಹಿಂದಕ್ಕೆ ಬಿಡಿ. ತಟ್ಟೆಗೂ ಪ್ಯಾಡಿಗೂ ನಡುವೆ ದಪ್ಪ ಕಾಗದದ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಅಂತರ ಸಾಕು. ಇನ್ನೊಂದು ಕಡೆಗೂ ತಿರುಪಿದ್ದರೆ ಅದಕ್ಕೂ ಹೀಗೆಯೇ. ಇಷ್ಟಾದ ಮೇಲೆ ಉಳಿದ ಸಡಿಲವನ್ನಷ್ಟೇ ತಂತಿಯಲ್ಲಿ ತೆಗೆಯಿರಿ.

ಪ್ಯಾಡು ಹೊರತೆಗೆದು ದಪ್ಪ ನೋಡಿ. ಲೋಹದ ಬೆನ್ನು ಬಿಟ್ಟು ಮಸಾಲೆಯ ಪದರ 1 ಮಿ.ಮೀ. ಇದ್ದರೆ ಬಯಲು ಸೀಮೆಗೆ ನಡೆಯುತ್ತದೆ, ಭಾರ ಹೊತ್ತು ಘಟ್ಟ ಇಳಿಯಲು ನಡೆಯುವುದಿಲ್ಲ. ಅರ್ಧ ಮಿ.ಮೀ.ಗೆ ಬಂದಿದ್ದರೆ ಎಲ್ಲಿಯೂ ನಡೆಯುವುದಿಲ್ಲ. ತಲಾ ಎರಡು ಜೊತೆ ಹೊಸ ಪ್ಯಾಡು ಮನೆಯಿಂದಲೇ ಬರಲಿ, ಬಾಗಲಕೋಟೆ ಜಿಲ್ಲೆಯಲ್ಲಿ ಹುಡುಕುತ್ತ ಕೂರಬೇಡಿ. ಮೇಲ್ಮೈ ಗಾಜಿನಂತೆ ಮಿನುಗುತ್ತಿದ್ದರೆ ಸಮತಟ್ಟಾದ ನೆಲದ ಮೇಲೆ ಮರಳುಕಾಗದ ಇಟ್ಟು ಹತ್ತು ಸಲ ಉಜ್ಜಿ. ಹೊಸ ಪ್ಯಾಡು ಹಾಕಿದರೆ ಅದನ್ನು ಪಳಗಿಸಬೇಕು: ಖಾಲಿ ರಸ್ತೆಯಲ್ಲಿ 20–25 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಪೂರ್ತಿ ನಿಲ್ಲದೆ, ಇಪ್ಪತ್ತು ಸಲ ಬ್ರೇಕು ಹಿಡಿಯಿರಿ. ಬಾದಾಮಿಯ ಸ್ಟೇಷನ್ ರಸ್ತೆಯಲ್ಲಿ ಬೆಳಗಿನ ಹೊತ್ತು ಒಂದು ಸುತ್ತು ಹೋಗಿಬಂದರೆ ಈ ಕೆಲಸ ಆಗುತ್ತದೆ. ವಿಶ್ರಾಂತಿಯ ದಿನ ಸೈಕಲ್ ಹತ್ತಲು ಒಪ್ಪಬಹುದಾದ ಕಾರಣ ಇದೊಂದೇ.

ಆರನೇ ದಿನ ಕುಳಗೇರಿ ಕ್ರಾಸಿನಲ್ಲಿ 52ನೇ ಹೆದ್ದಾರಿ ಸೇರುತ್ತೀರಿ. ನರಗುಂದ, ನವಲಗುಂದ ದಾಟಿ ಹುಬ್ಬಳ್ಳಿ. ಕೆಂಪು ಕಲ್ಲು ಹಿಂದೆ ಉಳಿದು ಎರೆ ಭೂಮಿ ಶುರುವಾಗುತ್ತದೆ, ಮರದ ನೆರಳು ಕಡಿಮೆ. ಡಿಸೆಂಬರಿನಲ್ಲಿ ಗಾಳಿ ಸಾಮಾನ್ಯವಾಗಿ ಮೂಡಣದ ಕಡೆಯಿಂದ ಬರುವುದರಿಂದ ನೈಋತ್ಯಕ್ಕೆ ಹೋಗುವ ನಿಮಗೆ ಬೆನ್ನಿಗಿರುತ್ತದೆ. ಇದೇ ಹಾದಿ ಜುಲೈನಲ್ಲಾದರೆ ಎದುರುಗಾಳಿಯಲ್ಲಿ ಎರಡು ದಿನ ಬೇಡುತ್ತದೆ. ಅಕಾಲದ ಮಳೆ ಬಿದ್ದರೆ ಡಾಂಬರು ಬಿಟ್ಟು ಒಂದು ಮೊಳವೂ ಇಳಿಯಬೇಡಿ. ಎರೆಮಣ್ಣು ಗಾಲಿಗೆ ಸುತ್ತಿ ಮಡ್‌ಗಾರ್ಡಿನೊಳಗೆ ತುಂಬಿದರೆ ಗಾಲಿ ತಿರುಗುವುದೇ ನಿಲ್ಲುತ್ತದೆ. ಒಣಗಿದ ಮೇಲೆ ಅದನ್ನು ಕಡ್ಡಿಯಿಂದಲ್ಲ, ಉಳಿಯಿಂದಲೇ ತೆಗೆಯಬೇಕು. ಬೆಳಿಗ್ಗೆ ಆರೂವರೆಗೆ ಬೆಳಕಾದ ಕೂಡಲೇ ಬಾದಾಮಿ ಬಿಟ್ಟರೆ ಬಿಸಿಲು ಏರುವಷ್ಟರಲ್ಲಿ ನರಗುಂದ ದಾಟಿರುತ್ತೀರಿ.